ಹೊಸ್ತಿಲು ದಾಟಿದ ದಾಸೋಹ

ದಾಸಃ, ಅಹಂ ಎಂಬ ಎರಡು ಪದಗಳು ಸಂಧಿಯಾಗಿ ದಾಸೋಹಂ ಎಂದಾಗುತ್ತದೆ. ‘ನಾನು ಸೇವಕನು’ ಎಂಬುದೇ ಅದರ ಅರ್ಥ. ಪಾಠಶಾಲೆಯ ಎಳೆಯ ವಿದ್ಯಾರ್ಥಿಗಳಿಗೂ ಈ ಸಂಧಿಯನ್ನು ಬಿಡಿಸಲು ಬರುತ್ತದೆ. ಆದರೆ ಯಾರ ಸೇವಕನು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಹಿರಿಯರಾದ ನಮಗೂ ಸುಲಭವಲ್ಲ. ಮನೆಗೆ ಬಂದ ಜಂಗಮರಿಗೆ, ಬಂಧುಬಳಗಕ್ಕೆ, ನಮ್ಮ ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸಿ, ದಾಸೋಹವು ಪೂರ್ಣವಾಯಿತೆಂದು ಕೈ ತೊಳೆದುಕೊಳ್ಳುತ್ತೇವೆ. ಪಂಕ್ತಿಯ ಹೊರಗೆ ನಿಂತವನ ಮಾತೇನು? ಇದನ್ನು ತಿಳಿಯಲು ಈ ಸಲ ದೂರದೇಶದ ಒಂದು ಚಿಕ್ಕ ಭಕ್ತಮಂಡಲಿಯ ನಡೆಯನ್ನು ಪರಿಶೀಲಿಸೋಣ. ಅವರ ಮತ ಬೇರೆ, ಭಾಷೆ ಬೇರೆ. ಆದರೆ ಸದಾಚಾರವು ಎಲ್ಲಿ ಕಂಡರೂ ಕಲಿಯತಕ್ಕದ್ದೇ.

ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ಸಂಸ್ಥಾನದಲ್ಲಿ ಮಾಂಟ್ಗೊಮರಿ ಎಂಬ ನಗರವಿದೆ. ಕಪ್ಪು ಜನಾಂಗದವರನ್ನು ದಾಸ್ಯದಲ್ಲಿಟ್ಟುಕೊಳ್ಳುವ ಹಕ್ಕಿಗಾಗಿ ಬೇರೆಯಾದ ಸಂಸ್ಥಾನಗಳ ಅಧ್ಯಕ್ಷನು 1861ರಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಅಲ್ಲಿಯ ಶಾಸನಸಭಾ ಭವನದಲ್ಲಿಯೇ. ಆ ಭವನದಿಂದ ಕೂಗಳತೆಯ ದೂರದಲ್ಲಿ ಡೆಕ್ಸ್ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಚರ್ಚು ಇದೆ. ದಾಸ್ಯವು ಅಳಿದ ಮೇಲೆ 1877ರಲ್ಲಿ ಕಪ್ಪು ಜನಾಂಗದವರು ಸ್ಥಾಪಿಸಿಕೊಂಡ ಸಭೆಯದು. 1955ರ ಸುಮಾರಿಗೆ ಅದರ ಸದಸ್ಯರು ಕೇವಲ 300ರಷ್ಟು ಮಂದಿ; ಅವರಲ್ಲಿ ಬಹುಪಾಲು ಉಪಾಧ್ಯಾಯರು, ವೈದ್ಯರು ಮುಂತಾದ ವಿದ್ಯಾವಂತರು. ‘ದೊಡ್ಡವರ ಚರ್ಚು’ ಎಂದು ಊರಿನ ಬಡವರು ದೂರದಿಂದಲೇ ನೋಡುತ್ತಿದ್ದರು.

ಇವರಿಗೆ ಕೆಲವು ವರ್ಷ ವರ್ನನ್ ಜಾನ್ಸ್ ಎಂಬವರು ಗುರುಗಳಾಗಿದ್ದರು. ಗ್ರೀಕ್ ಭಾಷೆಯನ್ನು ಬಲ್ಲ ಪಂಡಿತರು. ಆದರೂ ತಾವು ಬೆಳೆದ ಕಾಯಿಪಲ್ಯಗಳನ್ನು ತಾವೇ ತಂದು ಮಾರುತ್ತಿದ್ದರು. ನಮ್ಮ ಗುರುಗಳು ತರಕಾರಿ ಮಾರುವುದೆಂದರೇನು ಎಂದು ಭಕ್ತರಿಗೆ ಬಹಳ ಅಪಮಾನವಾಯಿತು. ಕಾಯಕದ ಮಹಿಮೆಯನ್ನು ಬಾಯಲ್ಲಿ ಕೊಂಡಾಡಿ, ಕೈ ಕೆಸರು ಮಾಡಿಕೊಂಡವನನ್ನು ಕಂಡರೆ ಮುಖ ಸಿಂಡರಿಸುವ ರೋಗವು ಒಂದೇ ದೇಶಕ್ಕೆ ಸೇರಿದುದಲ್ಲವಷ್ಟೆ! ಕೊನೆಗೆ ಅವರು ಆ ಸ್ಥಾನವನ್ನು ಬಿಟ್ಟು ಹೋದರು. 1954ರಲ್ಲಿ ಅಲ್ಲಿಗೆ ಬಂದವರು 25 ವರ್ಷದ ತರುಣ, ಮಾರ್ಟಿನ್ ಲೂಥರ್ ಕಿಂಗ್. ಪ್ರತಿಯೊಬ್ಬ ಸದಸ್ಯನೂ ಮತದಾರನಾಗಿ ಹೆಸರು ಬರೆಯಿಸಬೇಕೆಂದು ವಿಧಿಸಿ, ಊರಿನ ಕಷ್ಟಸುಖಗಳನ್ನು ವಿಚಾರಿಸಲು ಅವರು ಸಭೆಯೊಳಗೊಂದು ಸಮಿತಿಯನ್ನು ರಚಿಸಿದರು.

ಆ ಊರಿನ ಬಸ್ಸುಗಳಲ್ಲಿ ಮುಂದಿನ ಆಸನಗಳು ಬಿಳಿಯರಿಗೆ, ಹಿಂದಿನವು ಕಪ್ಪು ಜನರಿಗೆ. ಬಿಳಿಯರಿಗೆ ಸ್ಥಳ ಸಾಲದೆ ಬಂದರೆ ಕುಳಿತಿದ್ದ ಕಪ್ಪು ಜನರು ಎದ್ದು ನಿಲ್ಲಬೇಕು. ಬಸ್ಸಿಗೆ ಹಣ ತೆರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಜನ ಇವರೇ ಎಂಬುದು ಗಮನಾರ್ಹ. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ, ಹೊಲಿಗೆಯ ಕಾಯಕದ ಮಹಿಳೆ ಏಳಲು ಒಪ್ಪದೆ ಬಂಧನಕ್ಕೊಳಗಾದರು. ಡೆಕ್ಸ್ಟರ್ ಸಭೆಯ ಸದಸ್ಯೆಯೂ ಕಾಲೇಜಿನ ಅಧ್ಯಾಪಿಕೆಯೂ ಆಗಿದ್ದ ಜೋ ಆನ್ ರಾಬಿನ್ಸನ್ ಅದೇ ರಾತ್ರಿ ಇಬ್ಬರು ವಿದ್ಯಾರ್ಥಿಗಳನ್ನೂ ಒಬ್ಬ ಸಹೋದ್ಯೋಗಿಯನ್ನೂ ಕೂಡಿಕೊಂಡು, ಸೋಮವಾರ ಯಾರೂ ಬಸ್ಸು ಹತ್ತಬಾರದೆಂಬ ಕರಪತ್ರಗಳನ್ನು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಸಾವಿರಗಟ್ಟಲೆ ತೆಗೆದರು.

ಇಲ್ಲಿ ನಾವು ನಿಂತು ವಿಚಾರಿಸಬೇಕು. 300 ಮಂದಿ ಬಸ್ಸು ಬಿಟ್ಟರೆ ಬಸ್ಸಿನವರಿಗೆ ಏನು ನಷ್ಟ? ಚಿಕ್ಕ ಮಂಡಲಿಯ ಬಲವು ಸಂಖ್ಯೆಯಲ್ಲಿಲ್ಲ. ಮರುದಿನ ಸಂಜೆ ಡೆಕ್ಸ್ಟರ್ ಚರ್ಚಿನ ನೆಲಮನೆಯಲ್ಲಿ ಬೇರೆ ಬೇರೆ ಪಂಗಡಗಳ ಗುರುಗಳೂ ಊರಿನ ಪ್ರಮುಖರೂ ಸೇರಿದರು. ಬಾಗಿಲು ತೆರೆದುದೇ ಆ ಮಂಡಲಿಯ ಮೊದಲ ದಾಸೋಹ. ಡಿಸೆಂಬರ್ 5ರಂದು ಬಸ್ಸುಗಳು ಬರಿದಾದವು. ಅಂದೇ ಎಲ್ಲರಿಗೂ ಸೇರಿದ ಹೊಸ ಸಮಿತಿ ಹುಟ್ಟಿತು. ಕಿಂಗ್ ಅದರ ಅಧ್ಯಕ್ಷರಾದರು. ಅಲ್ಲಿಂದ ಮುಂದೆ ಸಭೆಗಳು ಒಂದೇ ಚರ್ಚಿನಲ್ಲಿ ನಿಲ್ಲದೆ, ಒಂದರಿಂದ ಇನ್ನೊಂದಕ್ಕೆ ಸರದಿಯಂತೆ ನಡೆದವು. ಹೀಗೆ ಹೆಚ್ಚಳವು ಯಾರೊಬ್ಬರದೂ ಆಗಲಿಲ್ಲ.

ಬಸ್ಸು ಬಿಟ್ಟವರು ಕೆಲಸಕ್ಕೆ ಹೋಗುವುದೆಂತು? ಕಾರು ಇದ್ದವರು ಕಾರು ಕೊಟ್ಟರು. ಸುಮಾರು 300 ಕಾರುಗಳು ಪ್ರತಿನಿತ್ಯ ಜನರನ್ನು ಹೊತ್ತು ತಿರುಗಿದವು. ಚರ್ಚುಗಳು ದೊಡ್ಡ ವಾಹನಗಳನ್ನು ಕೊಂಡು, ತಮ್ಮ ಹೆಸರನ್ನು ಅವುಗಳ ಮೇಲೆ ಬರೆಯಿಸಿದವು. ‘ಉರುಳುವ ಚರ್ಚು’ ಎಂದು ಜನ ಅವನ್ನು ಕರೆದರು. ಅಲ್ಲಿಯವರೆಗೆ ಜೊತೆಗೆ ಕುಳಿತೇ ಇರದ ವೈದ್ಯನೂ ಮನೆಗೆಲಸದವಳೂ ಒಂದೇ ಕಾರಿನಲ್ಲಿ ಕುಳಿತರು. ಉಳಿದವರು ನಡೆದರು.

ಇನ್ನು ಹಣ. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯ ಕಾಯಕದಾಕೆ, ನೆರೆಹೊರೆಯ ಹೆಂಗಸರನ್ನು ಕೂಡಿಸಿ, ಊಟ ತಿಂಡಿಗಳನ್ನು ಮಾಡಿ ಮಾರಿ, ಬಂದ ಹಣವನ್ನು ವಾರದ ಸಭೆಯಲ್ಲಿ ಅರ್ಪಿಸುತ್ತಿದ್ದಳು. ಕೊಟ್ಟವರ ಹೆಸರು ಹೊರಬಿದ್ದರೆ ಅವರ ಕೆಲಸ ಹೋಗುವ ಭಯವಿತ್ತು. ಆದುದರಿಂದ ತನ್ನ ಕೂಟಕ್ಕೆ ‘ಎಲ್ಲಿಂದಲೂ ಅಲ್ಲದ ಕೂಟ’ ಎಂಬರ್ಥದ ಹೆಸರಿಟ್ಟಳು. 1956ರಲ್ಲಿ ಕಿಂಗ್ ಅವರ ಪರವಾಗಿ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದ ಬಳಿಕ ಅವಳ ಕೆಲಸವೇ ಹೋಯಿತು. ಅಡುಗೆ ಮಾತ್ರ ನಿಲ್ಲಲಿಲ್ಲ. ಕೊಟ್ಟೆನೆಂಬ ಅಹಂಕಾರಕ್ಕೆ ಎಡೆಯಿಲ್ಲದ ಕೊಡುಗೆ! ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ನಾವು ಇದನ್ನು ಎರಡು ಸಲ ಮನನ ಮಾಡಬೇಕು.

ಇದಕ್ಕೆ ತೆತ್ತ ಬೆಲೆಯೂ ಅಲ್ಪವಲ್ಲ. 1956ರ ಜನವರಿ 30ರಂದು ಕಿಂಗ್ ಅವರ ಮನೆಗೆ ಬಾಂಬು ಬಿತ್ತು. ರಾಬರ್ಟ್ ಗ್ರೇಟ್ಸ್ ಎಂಬ ಬಿಳಿಯ ಪಾದ್ರಿಗಳು, ಕಪ್ಪು ಜನರ ಇನ್ನೊಂದು ಚಿಕ್ಕ ಸಭೆಗೆ ಗುರುಗಳಾಗಿದ್ದವರು, ತಾವೇ ಕಾರು ನಡೆಸಿ ನೆರವಾದರು; ಅದೇ ವರ್ಷ ಆಗಸ್ಟಿನಲ್ಲಿ ಅವರ ಮನೆಗೂ ಬಾಂಬು ಹಾಕಿದರು. ನವೆಂಬರ್ 13ರಂದು ಅಲ್ಲಿಯ ನ್ಯಾಯಾಲಯವು ಕಾರುಗಳ ಏರ್ಪಾಡನ್ನೇ ನಿಷೇಧಿಸಿತು. ಬಸ್ಸಿನಲ್ಲಿ ಭೇದವು ಸಲ್ಲದೆಂದು ದೇಶದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತುದೂ ಅದೇ ದಿನ. ನಾಲ್ವರು ಮಹಿಳೆಯರು ಹೂಡಿದ್ದ ವ್ಯಾಜ್ಯವದು. 381 ದಿನಗಳ ವ್ರತ ಮುಗಿದು, ಡಿಸೆಂಬರ್ 21ರಂದು ಜನರು ಬಸ್ಸು ಹತ್ತಿ ಇಷ್ಟಬಂದಲ್ಲಿ ಕುಳಿತರು. ಆದರೂ 1957ರ ಜನವರಿಯಲ್ಲಿ ನಾಲ್ಕು ಚರ್ಚುಗಳ ಮೇಲೆ ಬಾಂಬು ಬಿದ್ದವು. ಕಾನೂನು ತಿದ್ದಿದಷ್ಟು ಬೇಗ ಮನಸ್ಸು ತಿದ್ದುವುದಿಲ್ಲ.

ಈ ಕಥೆಯು ನಮ್ಮ ದೇಶಕ್ಕೂ ಬಂದು ಮುಟ್ಟುತ್ತದೆ. 1959ರಲ್ಲಿ ಕಿಂಗ್ ಭಾರತಕ್ಕೆ ಬಂದಿದ್ದರು. ಕೇರಳದಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ಓದುತ್ತಿದ್ದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು, ಇವರು ಅಮೆರಿಕದ ಅಸ್ಪೃಶ್ಯ ಬಂಧುಗಳೆಂದು ಮಕ್ಕಳಿಗೆ ಪರಿಚಯಿಸಿದರಂತೆ. ಮೊದಲು ಮನಸ್ಸಿಗೆ ಚುಚ್ಚಿತು. ಬಳಿಕ ಅದು ನಿಜವೆಂದು ತೋರಿತು ಎಂದು ಕಿಂಗ್ 1965ರಲ್ಲಿ ತಮ್ಮ ಪ್ರವಚನವೊಂದರಲ್ಲಿ ಹೇಳಿಕೊಂಡರು. ಅವರಿಗೆ ಚುಚ್ಚಿದ ಮಾತು ನಮಗೆ ಇನ್ನೂ ಆಳವಾಗಿ ಚುಚ್ಚಬೇಕು; ಏಕೆಂದರೆ ಆ ಹೆಸರನ್ನು ಇಟ್ಟವರು ಈ ನೆಲದವರೇ.

ಅನ್ಯರ ಮಾತೇಕೆ? ಈ ಲೇಖಕನೂ ಎಷ್ಟೋ ಜಾತ್ರೆಗಳಲ್ಲಿ ಪಂಕ್ತಿಯಲ್ಲಿ ಕುಳಿತು ತೃಪ್ತಿಯಾಗಿ ಪ್ರಸಾದ ಸ್ವೀಕರಿಸಿದ್ದಾನೆ. ಆ ಒಲೆಗೆ ಸೌದೆ ಒಡೆದವನು ಎಲ್ಲಿ ಕುಳಿತು ಉಂಡನೆಂದು ಒಮ್ಮೆಯೂ ವಿಚಾರಿಸಲಿಲ್ಲ. ಕಾಯಕ, ದಾಸೋಹಗಳನ್ನು ಮಕ್ಕಳಿಗೆ ಬೋಧಿಸುವವನ ಸ್ಥಿತಿಯೇ ಇದು!

ಆದುದರಿಂದ ಸದ್ಭಕ್ತರಲ್ಲಿ ಒಂದು ಬಿನ್ನಹ. ನಮ್ಮ ಊರಿನ ಮಂಡಲಿಯು ಚಿಕ್ಕದೆಂದು ಯಾರೂ ಕೈ ಕಟ್ಟಿ ಕೂಡಬೇಕಾಗಿಲ್ಲ. ಊರಿನಲ್ಲಿ ಯಾರಿಗೆ ಯಾವ ಬಾಗಿಲು ಮುಚ್ಚಿದೆಯೆಂದು ಮೊದಲು ತಿಳಿಯಿರಿ. ಆ ಕೆಲಸಕ್ಕೆ ಬೇರೆ ಕೇರಿಯವರನ್ನೂ ಬೇರೆ ಮತದವರನ್ನೂ ಜೊತೆಗೆ ಕರೆಯಿರಿ. ಅವರು ಕರೆದರೆ ನೀವೂ ಹೋಗಿರಿ. ಬಂಡಿಯಿದ್ದವರು ಬಂಡಿಯನ್ನು, ಅಡುಗೆ ಬಲ್ಲವರು ಅಡುಗೆಯನ್ನು, ಅಕ್ಷರ ಬಲ್ಲವರು ಅಕ್ಷರವನ್ನು ಕೊಡಲಿ. ಮುಂದಿನ ಪ್ರಸಾದದ ದಿನ, ಪಂಕ್ತಿಯಲ್ಲಿ ಕೂಡುವ ಮೊದಲು ಒಮ್ಮೆ ಎದ್ದು ಹೊಸ್ತಿಲಿನಾಚೆ ನೋಡೋಣ. ಅಲ್ಲಿ ಯಾರಾದರೂ ನಿಂತಿದ್ದರೆ ನಮ್ಮ ದಾಸೋಹವು ಇನ್ನೂ ಮುಗಿದಿಲ್ಲ.