ಫ್ರಿಡ್ಜ್ ತಣ್ಣಗಾಗುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮೊದಲು ಹೀಟರ್ ನೋಡಿಸಿ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಿಸಿಲು ನಮಗೆಲ್ಲ ಗೊತ್ತಿದ್ದದ್ದೇ. ಹಾಲು, ಮೊಸರು, ದೋಸೆ ಹಿಟ್ಟು, ಹೂವು ಮಾರುವವರಿಗೆ ಫ್ರಿಡ್ಜ್ ಎನ್ನುವುದು ಈಗ ಶೋಕಿಯ ವಸ್ತುವಲ್ಲ, ದುಡಿಮೆಯ ಸಾಧನ. ಸಾಲ ಮಾಡಿ ತಂದ ಫ್ರಿಡ್ಜ್ ಒಂದು ದಿನ ಕೈಕೊಟ್ಟರೆ ಹಿಟ್ಟು ಹುಳಿಯಾಗುತ್ತದೆ, ಹಾಲು ಒಡೆಯುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಇಂಥ ಹೊತ್ತಿನಲ್ಲಿ "ಗ್ಯಾಸ್ ಖಾಲಿ ಆಗಿದೆ ಕಣಕ್ಕ", "ಕಂಪ್ರೆಸರ್ ಹೋಗಿದೆ" ಅಂತ ಯಾರಾದರೂ ಹೇಳಿದರೆ ನಾವು ತಲೆಯಾಡಿಸಿ ಸಾವಿರಾರು ರೂಪಾಯಿ ಕೊಟ್ಟುಬಿಡುತ್ತೇವೆ. ದೋಷ ಕೆಲವು ಸಲ ಕಂಪ್ರೆಸರ್‌ನಲ್ಲಿ ಇರುವುದೇ ಇಲ್ಲ, ಒಳಗಿರುವ ಒಂದು ಸಣ್ಣ ಹೀಟರ್‌ನಲ್ಲಿ ಇರುತ್ತದೆ. ಅದನ್ನು ಗುರುತಿಸುವುದು ಹೇಗೆ ಎಂಬುದೇ ಈ ಪಾಠ.

ತಂಪು ಪೆಟ್ಟಿಗೆಯೊಳಗೆ ಹೀಟರ್ ಯಾಕೆ?

ಒಂದೇ ಬಾಗಿಲಿನ ಹೆಚ್ಚಿನ ಫ್ರಿಡ್ಜ್‌ಗಳಲ್ಲಿ ಫ್ರೀಜರ್‌ನಲ್ಲಿ ಐಸ್ ಕಟ್ಟಿದಾಗ ನಾವೇ ಗುಂಡಿ ಒತ್ತಿ ಕರಗಿಸುತ್ತೇವೆ. ಎರಡು ಬಾಗಿಲಿನ 'ಫ್ರಾಸ್ಟ್ ಫ್ರೀ' ಫ್ರಿಡ್ಜ್‌ನಲ್ಲಿ ಈ ಕೆಲಸ ತಾನಾಗಿ ನಡೆಯುತ್ತದೆ. ಫ್ರೀಜರ್‌ನ ಹಿಂಬದಿಯ ಪ್ಲಾಸ್ಟಿಕ್ ಹಲಗೆಯ ಒಳಗೆ ತಂಪು ಕೊಡುವ ಕಾಯಿಲ್ ಇದೆ. ಪಕ್ಕದ ಫ್ಯಾನು ಆ ತಂಪನ್ನು ಕೆಳಗಿನ ಖಾನೆಗೂ ತಳ್ಳುತ್ತದೆ. ಗಾಳಿಯಲ್ಲಿನ ತೇವ ಕಾಯಿಲ್ ಮೇಲೆ ಐಸಾಗಿ ಕೂರುತ್ತದೆ. ಕೆಲವು ಗಂಟೆಗಳಿಗೊಮ್ಮೆ ಹೀಟರ್ ಸ್ವಲ್ಪ ಹೊತ್ತು ಬಿಸಿಯಾಗಿ ಆ ಐಸನ್ನು ಕರಗಿಸುತ್ತದೆ. ನೀರು ಕೊಳವೆಯ ಮೂಲಕ ಹಿಂದಿನ ತಟ್ಟೆಗೆ ಇಳಿದು ಆವಿಯಾಗುತ್ತದೆ.

ಹೀಟರ್ ಕೆಲಸ ಮಾಡದಿದ್ದರೆ ಐಸ್ ದಿನೇ ದಿನೇ ಬೆಳೆದು ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಆಗ ತಂಪು ಇದ್ದರೂ ಕೆಳಗೆ ಬರುವುದಿಲ್ಲ. ಮೇಲೆ ಐಸ್, ಕೆಳಗೆ ಬಿಸಿ! ಇದನ್ನೇ ಅನೇಕರು "ಗ್ಯಾಸ್ ಹೋಯ್ತು" ಎಂದು ತಿಳಿಯುವುದು.

ನಾವೇ ನೋಡಬಹುದಾದ ಗುರುತುಗಳು

1. ಕೆಳಗಿನ ಖಾನೆ ಮೊದಲು ಬಿಸಿಯಾಗುತ್ತದೆ, ಫ್ರೀಜರ್ ಇನ್ನೂ ಸ್ವಲ್ಪ ತಣ್ಣಗಿರುತ್ತದೆ.
2. ಫ್ರೀಜರ್‌ನ ಹಿಂದಿನ ಹಲಗೆಯ ಮೇಲೆ ಬಿಳಿ ಐಸ್ ಕಾಣಿಸುತ್ತದೆ.
3. ಫ್ಯಾನು ಐಸಿಗೆ ತಗುಲಿ ಕರಕರ ಸದ್ದು ಬರಬಹುದು, ಅಥವಾ ಫ್ಯಾನಿನ ಸದ್ದೇ ನಿಲ್ಲಬಹುದು.
4. ಬಾಗಿಲ ಮೇಲೆ ಅಂಕಿ ತೋರಿಸುವ ಪರದೆ ಇದ್ದರೆ ಅಲ್ಲಿ ದೋಷದ ಸಂಕೇತ ಮೂಡಬಹುದು. ಉದಾಹರಣೆಗೆ, ಎಲ್‌ಜಿ ಕಂಪನಿಯ ಹಲವು ಮಾದರಿಗಳಲ್ಲಿ ಡಿ ಮತ್ತು ಎಚ್ ಎಂಬ ಇಂಗ್ಲಿಷ್ ಅಕ್ಷರಗಳು ಬಂದರೆ ಡಿಫ್ರಾಸ್ಟ್ ಹೀಟರ್‌ನ ಕಡೆ ತೊಂದರೆ ಎಂದು ಅರ್ಥ. ಒಂದು ಕಂಪನಿಯ ಸಂಕೇತ ಇನ್ನೊಂದಕ್ಕೆ ಹೊಂದುವುದಿಲ್ಲ. ಫ್ರಿಡ್ಜ್ ಜೊತೆ ಬಂದ ಪುಸ್ತಕವನ್ನು ಜೋಪಾನ ಮಾಡಿ.

ಸಂಕೇತ ಕಂಡ ಕೂಡಲೇ ಪ್ಲಗ್ ಕೀಳಬೇಡಿ. ಕಿತ್ತರೆ ಅದು ಅಳಿಸಿಹೋಗಬಹುದು. ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ ಅಥವಾ ಕಂಡ ಹಾಗೇ ಬರೆದಿಟ್ಟುಕೊಳ್ಳಿ.

ಒಂದು ದಿನದ ಸುಲಭ ಪರೀಕ್ಷೆ

ಸಾಮಾನೆಲ್ಲ ಹೊರಗೆ ತೆಗೆಯಿರಿ. ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು, ಕೆಳಗೆ ಬಟ್ಟೆ ಹಾಸಿ ಒಂದು ದಿನ ಹಾಗೇ ಬಿಡಿ. ಮಕ್ಕಳು ಹತ್ತಿರ ಹೋಗದಂತೆ ನೋಡಿಕೊಳ್ಳಿ. ಐಸೆಲ್ಲ ಕರಗಿದ ಮೇಲೆ ಮತ್ತೆ ಚಾಲೂ ಮಾಡಿ.

ಫ್ರಿಡ್ಜ್ ಮೊದಲಿನಂತೆ ತಣ್ಣಗಾಗಿ, ಕೆಲವು ದಿನ ಅಥವಾ ವಾರ ಕಳೆದು ಮತ್ತೆ ಅದೇ ಕಥೆಯಾದರೆ ದೋಷ ಐಸ್ ಕರಗಿಸುವ ಭಾಗದಲ್ಲಿದೆ. ಗ್ಯಾಸ್ ಸೋರಿದ್ದರೆ ಐಸ್ ಕರಗಿಸಿದ ಮಾತ್ರಕ್ಕೆ ತಂಪು ಸರಿಯಾಗಿ ಬರುವುದಿಲ್ಲ. ಖರ್ಚಿಲ್ಲದ ಈ ಪರೀಕ್ಷೆ ನಮ್ಮ ಹಣ ಉಳಿಸಬಲ್ಲದು.

ಐಸನ್ನು ಚಾಕು, ಸ್ಕ್ರೂಡ್ರೈವರ್‌ನಿಂದ ಚುಚ್ಚಲೇಬೇಡಿ. ಕಾಯಿಲ್ ತೂತಾದರೆ ಆಗ ನಿಜವಾಗಿಯೂ ಗ್ಯಾಸ್ ಹೋಗುತ್ತದೆ! ಈಗಿನ ಅನೇಕ ಫ್ರಿಡ್ಜ್‌ಗಳಲ್ಲಿ ಇರುವ ಆರ್-600ಎ ಎಂಬ ಗ್ಯಾಸ್ ಬೆಂಕಿ ಹೊತ್ತಿಕೊಳ್ಳುವಂಥದ್ದು. ಯಾವ ಗ್ಯಾಸ್ ಎಂದು ಫ್ರಿಡ್ಜ್‌ನ ಚೀಟಿಯ ಮೇಲೆ ಬರೆದಿರುತ್ತದೆ.

ರಿಪೇರಿಯವರು ಮಾಡಬೇಕಾದ್ದು

ಹಲಗೆ ಬಿಚ್ಚುವ ಕೆಲಸ ನಮ್ಮದಲ್ಲ, ತಿಳಿದವರದು. ಆದರೆ ಏನು ಮಾಡುತ್ತಿದ್ದಾರೆ ಎಂದು ಕೇಳುವ ಹಕ್ಕು ನಮ್ಮದು. ದೋಷದ ಸಂಕೇತ ಬೀದಿ ತೋರಿಸುತ್ತದೆ, ಮನೆ ತೋರಿಸುವುದಿಲ್ಲ. ಹೀಟರ್ ಸಂಕೇತ ಬಂತು ಎಂದು ಹೀಟರನ್ನೇ ಬದಲಿಸಿದರೆ ಸಾಲದು. ಆ ದಾರಿಯಲ್ಲಿರುವ ಫ್ಯೂಸ್, ಥರ್ಮೋಸ್ಟಾಟ್, ಸೆನ್ಸರ್, ವೈರು, ಬೋರ್ಡ್ ಇವುಗಳಲ್ಲಿ ಯಾವುದು ಕೆಟ್ಟರೂ ಅದೇ ಸಂಕೇತ ಬರಬಹುದು. ಪ್ಲಗ್ ಕಿತ್ತ ಮೇಲೆ ಮಲ್ಟಿಮೀಟರ್ ಇಟ್ಟು ಒಂದೊಂದಾಗಿ ನೋಡಬೇಕು.

ಹೀಟರ್: ಇದಕ್ಕೊಂದು ಸರಳ ಲೆಕ್ಕವಿದೆ. 230ನ್ನು 230ರಿಂದ ಗುಣಿಸಿ, ಹೀಟರ್ ಮೇಲೆ ಬರೆದ ವ್ಯಾಟ್‌ನಿಂದ ಭಾಗಿಸಿ. 150 ವ್ಯಾಟ್ ಹೀಟರ್ ಆದರೆ ಸುಮಾರು 353 ಓಮ್, 200 ವ್ಯಾಟ್ ಆದರೆ ಸುಮಾರು 265 ಓಮ್ ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ಹೀಟರ್ ಒಳಗೆ ತುಂಡಾಗಿದೆ.

ಫ್ಯೂಸ್: ಅತಿಯಾಗಿ ಬಿಸಿಯಾದರೆ ಕರೆಂಟು ಕಡಿದು ನಮ್ಮನ್ನು ಕಾಯುವುದು ಇದೇ. ಸರಿಯಿದ್ದರೆ ಮೀಟರ್‌ನಲ್ಲಿ ಸೊನ್ನೆಯ ಹತ್ತಿರ ಬರುತ್ತದೆ. ಒಮ್ಮೆ ಸುಟ್ಟರೆ ಅಷ್ಟೇ ಡಿಗ್ರಿಯ ಹೊಸದನ್ನೇ ಹಾಕಬೇಕು.

ಥರ್ಮೋಸ್ಟಾಟ್: ಕೆಲವು ಮಾದರಿಗಳಲ್ಲಿ ಮಾತ್ರ ಇರುತ್ತದೆ. ಚಳಿಯಲ್ಲಿ ಕರೆಂಟು ಬಿಡುತ್ತದೆ, ಬಿಸಿಯಾದರೆ ಕಡಿಯುತ್ತದೆ. ಹೊರಗಿನ ಬಿಸಿಯಲ್ಲಿ ಅಳೆದರೆ ಒಳ್ಳೆಯದೂ ಕೆಟ್ಟಂತೆ ತೋರುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಪುಡಿ ಐಸ್‌ಗೆ ಕಲ್ಲುಪ್ಪು ಬೆರೆಸಿದ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ಅಳೆಯಬೇಕು. ಉಪ್ಪು ಬೆರೆತ ಐಸ್ ಸೊನ್ನೆಗಿಂತ ಹತ್ತು ಡಿಗ್ರಿಗೂ ಕೆಳಗೆ ಇಳಿಯುತ್ತದೆ.

ಇವೆಲ್ಲ ಸರಿಯಿದ್ದರೆ ಮಾತ್ರ ಸೆನ್ಸರ್, ವೈರಿನ ಜೋಡಣೆ, ಕೊನೆಗೆ ಬೋರ್ಡ್. ಬೋರ್ಡ್ ದುಬಾರಿ. ಆದ್ದರಿಂದ ಅದನ್ನು ಮೊದಲು ಬದಲಿಸಲು ಬಿಡಬೇಡಿ. ರಿಪೇರಿಯಾದ ಮೇಲೆ ಹೀಟರನ್ನು ಒಮ್ಮೆ ಓಡಿಸಿ, ನೀರು ಹಿಂದಿನ ತಟ್ಟೆಗೆ ಇಳಿಯುವುದನ್ನು ತೋರಿಸಲು ಹೇಳಿ.

ಇದೊಂದಕ್ಕೆ ಮಾತ್ರ ಒಪ್ಪಬೇಡಿ

"ಫ್ಯೂಸ್ ಸಿಗ್ತಿಲ್ಲ, ಸದ್ಯಕ್ಕೆ ವೈರ್ ಸೇರಿಸಿ ಕೊಡ್ತೀನಿ" ಎಂದು ಯಾರೇ ಹೇಳಲಿ, ಬೇಡವೆನ್ನಿ. ಫ್ಯೂಸ್ ಇಲ್ಲದ ಹೀಟರ್ ನಿಲ್ಲದೆ ಕಾದರೆ ಸುತ್ತಲಿನ ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತಬಹುದು. ರಾತ್ರಿ ಮಕ್ಕಳು ಮಲಗಿರುವ ಮನೆಯಲ್ಲೇ ಆ ಫ್ರಿಡ್ಜ್ ಇರುತ್ತದೆ. ಎರಡು ದಿನ ತಡವಾದರೂ ಪರವಾಗಿಲ್ಲ, ಸರಿಯಾದ ಫ್ಯೂಸ್ ಬರಲಿ.

ನಮ್ಮ ಹಳ್ಳಿಯ ಕರೆಂಟು

ವೋಲ್ಟೇಜ್ ಇಳಿದರೆ ಹೀಟರ್ ಶಾಖ ಇನ್ನೂ ಹೆಚ್ಚು ಇಳಿಯುತ್ತದೆ. 230ರ ಬದಲು 180 ವೋಲ್ಟ್ ಬಂದರೆ 150 ವ್ಯಾಟ್ ಹೀಟರ್ ಸುಮಾರು 92 ವ್ಯಾಟ್‌ನಷ್ಟು ಮಾತ್ರ ಕಾಯುತ್ತದೆ. ಐಸ್ ಪೂರ್ತಿ ಕರಗದೆ ಉಳಿಯಬಹುದು. ಹೀಟರ್ ಸರಿಯಿದ್ದೂ ತೊಂದರೆ ಬಂದರೆ ವೋಲ್ಟೇಜ್ ಅಳೆಸಿ, ಬೇಕಿದ್ದರೆ ಸ್ಟೆಬಿಲೈಸರ್ ಹಾಕಿಸಿ. ಬೆಸ್ಕಾಂಗೆ 1912ರಲ್ಲಿ ದೂರು ಕೊಡಬಹುದು. ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್ ಇರಲೇಬೇಕು. ಬಾಗಿಲಿನ ರಬ್ಬರ್ ಸಡಿಲವಾಗಿದ್ದರೂ ತೇವ ಒಳನುಗ್ಗಿ ಐಸ್ ಹೆಚ್ಚುತ್ತದೆ.

ರಿಪೇರಿ ಆಗುವವರೆಗೆ

ಯಾರದಾದರೂ ಇನ್ಸುಲಿನ್ ಅದರಲ್ಲಿದ್ದರೆ ಮೊದಲು ಅದನ್ನು ಬೇರೆ ಫ್ರಿಡ್ಜ್‌ಗೆ ಸೇರಿಸಿ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಬಳಸಬಾರದು. ತರಕಾರಿಗೆ ನಮ್ಮ ಹಿರಿಯರ ಉಪಾಯವಿದೆ: ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಮೇಲೆ ಹಸಿ ಗೋಣಿ ಹೊದಿಸಿ. ನಮ್ಮ ಕಡೆಯ ಒಣ ಹವೆಯಲ್ಲಿ ಇದು ಚೆನ್ನಾಗಿ ತಂಪು ಕೊಡುತ್ತದೆ. ಹಾಲು, ಮಾಂಸಕ್ಕೆ ಇದು ಸಾಲದು.

ಹಣ ಕೊಡುವ ಮುನ್ನ

ವಾರಂಟಿ ಇದೆಯೇ ಎಂದು ಬಿಲ್ ನೋಡಿ. ಖರ್ಚಿನ ಅಂದಾಜನ್ನು ಬರೆಸಿಕೊಳ್ಳಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ರಸೀದಿ ಇಲ್ಲದೆ ದುಡ್ಡು ಕೊಡಬೇಡಿ. ಫ್ರಿಡ್ಜ್ ಸಂಘದ್ದಾದರೆ ಇಬ್ಬರು ಸದಸ್ಯರು ಎದುರಿಗಿದ್ದು, ದಿನಾಂಕ, ದೋಷ, ಖರ್ಚನ್ನು ಪುಸ್ತಕದಲ್ಲಿ ಬರೆಯಿರಿ. ಮೋಸವಾಯಿತು ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸದಸ್ಯರ ಮನೆಗಳಲ್ಲಿ ಫ್ರಾಸ್ಟ್ ಫ್ರೀ ಫ್ರಿಡ್ಜ್ ಎಷ್ಟಿವೆ? ಅವುಗಳ ಪುಸ್ತಕ, ಬಿಲ್ ಎಲ್ಲಿವೆ?
2. ಹಿಂದೆ ಗ್ಯಾಸ್ ತುಂಬಿಸಿದವರಿಗೆ ಅದರಿಂದ ತೊಂದರೆ ನಿಂತಿತೇ?
3. ನಮ್ಮ ಹುಡುಗಿಯರಲ್ಲಿ ಮಲ್ಟಿಮೀಟರ್ ಹಿಡಿಯಲು ಕಲಿತು ಈ ಕೆಲಸವನ್ನೇ ಜೀವನೋಪಾಯ ಮಾಡಿಕೊಳ್ಳುವ ಆಸಕ್ತಿ ಯಾರಿಗಿದೆ? ಅವರಿಗೆ ಸಂಘ ಹೇಗೆ ಬೆಂಬಲ ಕೊಡಬಹುದು?