ಹಾಡಿಗೆ ಹಾಕಿದ ದುಡ್ಡು ಕಿವಿಗೆ ಕೇಳಬೇಕು

ಮನೆಯಲ್ಲೇ ಪಂಕ್ ಹಾಡು ಮಿಕ್ಸ್ ಮಾಡಲು ಎಷ್ಟು ದುಡ್ಡು ಬೇಕು? ಕುಂದಾಪುರದ ನನ್ನ ಸಣ್ಣ ಕೋಣೆಗೆ ಬರುವ ಬೈಂದೂರು, ಬ್ರಹ್ಮಾವರ ಕಡೆಯ ಹುಡುಗರು ಮೊದಲು ಕೇಳುವುದು ಇದನ್ನೇ. ಯಾವ ಕಾರ್ಡಿಗೆ ಬಡ್ಡಿಯಿಲ್ಲದ ಇಎಂಐ ಸಿಗುತ್ತದೆ ಎಂಬುದು ಅದರ ಬೆನ್ನಿಗೇ ಬರುವ ಪ್ರಶ್ನೆ. ನನಗೆ ಭಯವಾಗುವುದು ಆಗಲೇ.

ಅವರ ಕಣ್ಣೆದುರು ರವಿ ಬಸ್ರೂರು ಇದ್ದಾರೆ. ‘ಕೆಜಿಎಫ್’ಗೆ ಸಂಗೀತ ಕೊಟ್ಟವರು ಬಸ್ರೂರಿನಲ್ಲೇ ಸ್ಟುಡಿಯೋ ಕಟ್ಟಿಕೊಂಡಿದ್ದಾರೆ ಎಂಬ ಹೆಮ್ಮೆ ನಮ್ಮೆಲ್ಲರದೂ ಹೌದು. ಆದರೆ ಸಿನಿಮಾ ಸಂಗೀತದ ಹಿಂದೆ ನಿರ್ಮಾಪಕರ ದುಡ್ಡಿರುತ್ತದೆ. ನಾಲ್ವರು ಗೆಳೆಯರು ಕುಂದಗನ್ನಡದಲ್ಲಿ ಬರೆದು ಗಂಟಲು ಹರಿಯುವಂತೆ ಹಾಡುವ ಎರಡೂವರೆ ನಿಮಿಷದ ಹಾಡಿಗೆ ದುಡ್ಡು ಹೊಂದಿಸುವವರು ಆ ನಾಲ್ವರೇ.

ಪಂಕ್ ಹುಟ್ಟಿದ್ದೇ ಇಂಥ ಜೇಬುಗಳಿಂದ. ರಾಮೋನ್ಸ್ ತಂಡದ 1976ರ ಮೊದಲ ಆಲ್ಬಮ್‌ನ 14 ಹಾಡುಗಳು ಸುಮಾರು ಒಂದು ವಾರದಲ್ಲಿ, 6,400 ಡಾಲರ್‌ನಷ್ಟು ಖರ್ಚಿನಲ್ಲಿ ಸಿದ್ಧವಾದವು. ಮ್ಯಾಂಚೆಸ್ಟರ್‌ನ ಬಝ್‌ಕಾಕ್ಸ್ ಹುಡುಗರು ಮನೆಯವರಿಂದ, ಗೆಳೆಯರಿಂದ 500 ಪೌಂಡ್ ಕೈಗಡ ತಂದು ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ರೆಕಾರ್ಡ್ ಮಾಡಿದರು. ರೆಕಾರ್ಡಿಂಗಿಗೆ ಮೂರು ಗಂಟೆ, ಮಿಕ್ಸಿಂಗಿಗೆ ಎರಡು ಗಂಟೆ. 1977ರ ಜನವರಿಯಲ್ಲಿ ತಮ್ಮದೇ ಲೇಬಲ್‌ನಿಂದ ಬಿಡುಗಡೆ ಮಾಡಿದರು. ಅವರು ತಂದದ್ದೂ ಸಾಲವೇ, ಆದರೆ ತಿಂಗಳು ತಿಂಗಳು ಬೆಳೆಯುವ ಕಾರ್ಡಿನ ಸಾಲವಲ್ಲ.

ನನ್ನ ಸಾಮಾನು ಹೆಚ್ಚಿಲ್ಲ. ಹಳೆಯ ಲ್ಯಾಪ್‌ಟಾಪ್, ಎರಡು ಮೈಕ್ ಸಿಕ್ಕಿಸುವ ಆಡಿಯೋ ಇಂಟರ್‌ಫೇಸ್, ಒಂದು ಶೂರ್ ಎಸ್‌ಎಂ57 ಮೈಕ್, ಕಿವಿ ಮುಚ್ಚುವ ಹೆಡ್‌ಫೋನ್. ಸಾಫ್ಟ್‌ವೇರ್ ರೀಪರ್. 60 ದಿನ ಉಚಿತವಾಗಿ ಬಳಸಿ ನೋಡಬಹುದು, ಆಮೇಲೆ ಸಣ್ಣ ಬಳಕೆದಾರರಿಗೆ ಪರವಾನಗಿ 60 ಡಾಲರ್, ಅಂದರೆ 5,000 ರೂಪಾಯಿ ದಾಟುತ್ತದೆ. ಅದರೊಳಗೇ ಈಕ್ವಲೈಸರ್, ಕಂಪ್ರೆಸರ್ ಎಲ್ಲವೂ ಇವೆ. ಒಂದೇ ಗಿಟಾರ್ ಭಾಗವನ್ನು ಎರಡು ಸಲ ನುಡಿಸಿ ಎಡಕ್ಕೊಂದು, ಬಲಕ್ಕೊಂದು ಇಡುವುದಕ್ಕೆ ಹೊಸದೇನನ್ನೂ ಕೊಳ್ಳಬೇಕಿಲ್ಲ. ಗಿಟಾರಿನ 100 ಹರ್ಟ್ಸ್‌ಗಿಂತ ಕೆಳಗಿನ ಗುಂಯ್‌ಗುಡುವಿಕೆ ಕತ್ತರಿಸಿ ಬೇಸ್‌ಗೂ ಕಿಕ್ ಡ್ರಮ್ಮಿಗೂ ಜಾಗ ಬಿಟ್ಟರೆ ಅರ್ಧ ಮಿಕ್ಸ್ ಆದಂತೆ. ಪಂಕಿಗೆ ನಯ ಬೇಡ, ಮಾತು ಕೇಳಿಸಬೇಕು. ಅದರಲ್ಲೂ ನಮ್ಮ ಭಾಷೆಯ ಹಾಡಿನಲ್ಲಿ ಮಾತು ಮುಳುಗಿದರೆ ಉಳಿಯುವುದು ಬರೀ ಗದ್ದಲ.

ದುಡ್ಡು ಹಾಕಬೇಕಾದದ್ದು ಕೋಣೆಗೆ. ಮುರಕಲ್ಲಿನ ಗೋಡೆಗೆ ಸಿಮೆಂಟ್ ಗಿಲಾವು, ಕೆಳಗೆ ಟೈಲ್ಸ್. ಇಂಥ ಕೋಣೆಯಲ್ಲಿ ಶಬ್ದ ಸುತ್ತಿ ಸುತ್ತಿ ವಾಪಸ್ ಬರುತ್ತದೆ, ಬೇಸ್ ಮೂಲೆಯಲ್ಲಿ ಹೋಗಿ ಕೂರುತ್ತದೆ. ನಾನು ಹಳೆಯ ಹತ್ತಿ ಹಾಸಿಗೆಗಳನ್ನು ಮೂಲೆಗೆ ನಿಲ್ಲಿಸಿದಾಗ ಅಬ್ಬೆ, “ಹಾಡಿಗ್ ಹಾಸ್ಗಿ ಎಂತಕ್ ಮಗಾ?” ಎಂದರು. ಹಾಸಿಗೆ ಇದ್ದಾಗೊಮ್ಮೆ, ತೆಗೆದು ಇನ್ನೊಮ್ಮೆ ಚಪ್ಪಾಳೆ ತಟ್ಟಿ ತೋರಿಸಿದೆ. ವ್ಯತ್ಯಾಸ ಅವರಿಗೂ ಗೊತ್ತಾಯಿತು. ಗೋಡೆಗೆ ಅಂಟಿಸುವ ತೆಳು ಫೋಮ್ ಬೇಸ್ ಹೀರುವುದಿಲ್ಲ, ಅದಕ್ಕೆ ಸಾವಿರಾರು ರೂಪಾಯಿ ಸುರಿಯಬೇಡಿ. ಉಳಿದ ದುಡ್ಡಲ್ಲಿ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗ್ ಸರಿ ಮಾಡಿಸಿ. ನಮ್ಮ ಕರಾವಳಿಯ ಸಿಡಿಲಿಗೆ ಇಂಟರ್‌ಫೇಸ್ ಸುಟ್ಟರೆ ಇಎಂಐ ಮಾತ್ರ ಉಳಿಯುತ್ತದೆ.

ಅಂದ ಹಾಗೆ, ಬಡ್ಡಿಯಿಲ್ಲದ ಇಎಂಐ ಪೂರ್ತಿ ಪುಕ್ಕಟೆಯಲ್ಲ. ಬಡ್ಡಿಯಷ್ಟು ರಿಯಾಯಿತಿ ಸಿಕ್ಕರೂ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ನಿಮ್ಮದೇ. ಪ್ರೊಸೆಸಿಂಗ್ ಶುಲ್ಕ ಇದ್ದರೆ ಅದೂ ನಿಮ್ಮದೇ. ಕಾರ್ಡಿನ ಬಾಕಿ ಪೂರ್ತಿ ಕಟ್ಟದೆ ಮುಂದೂಡಿದರೆ ಬಡ್ಡಿ ವರ್ಷಕ್ಕೆ ಶೇ 40ರ ಹತ್ತಿರ ಹೋಗುತ್ತದೆ. ಇತ್ತ ಹಾಡಿನ ಗಳಿಕೆ ನೋಡಿ: 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿನ ರೆಕಾರ್ಡಿಂಗಿಗೆ ರಾಯಲ್ಟಿಯೇ ಇಲ್ಲ. ಇದನ್ನು ನಂಬಿ ಕಂತು ಕಟ್ಟಲಾಗದು. ಹಾಡು ಇನ್ನೂ ಜೋರಾಗಲಿ ಎಂದು ಮಾಸ್ಟರಿಂಗಿಗೆ, ಅಂದರೆ ಮಿಕ್ಸ್ ಆದ ಹಾಡಿನ ಕೊನೆಯ ಹದಕ್ಕೆ, ಹೆಚ್ಚು ಕೊಡುವುದೂ ದಂಡ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡುಗಳನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಶಬ್ದದ ಜೋರನ್ನು ಅಳೆಯುವ ಮಾನ) ಸುತ್ತಮುತ್ತಲ ಮಟ್ಟಕ್ಕೇ ತಂದು ಕೇಳಿಸುತ್ತದೆ.

ರೆಕಾರ್ಡಿಂಗಿನ ಗಳಿಕೆ ಹೀಗಾದರೂ, ಹಾಡು ಬರೆದವರಿಗೂ ರಾಗ ಕಟ್ಟಿದವರಿಗೂ ರಾಯಲ್ಟಿಯ ಹಕ್ಕನ್ನು 2012ರ ಕೃತಿಸ್ವಾಮ್ಯ ತಿದ್ದುಪಡಿ ಗಟ್ಟಿ ಮಾಡಿದೆ. ಅದನ್ನು ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆ 1969ರಿಂದ ಇದೆ. ಹುಡುಗರೇ, ಸಾಫ್ಟ್‌ವೇರಿಗೆ ಸೇರಿಸುವ ಪ್ಲಗಿನ್ ಕೊಳ್ಳುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಸಾಹಿತ್ಯ ಯಾರದು, ರಾಗ ಯಾರದು, ಯಾರು ಎಷ್ಟು ಹಾಕಿದರು, ಬಂದದ್ದರಲ್ಲಿ ಯಾರಿಗೆಷ್ಟು ಎಂದು ಬರೆದು ನಾಲ್ವರೂ ಸಹಿ ಹಾಕಿ. ಹಾಡು ಬಿಡುಗಡೆಯಾಗುವ ಮೊದಲೇ ಅದು ಆಗಲಿ.