ವೃತ್ತಿ ಮಾರ್ಗದರ್ಶನ: ದಾನಿ ಮತ್ತು ವಿದ್ಯಾರ್ಥಿಯ ನಡುವೆ ಒಂದು ಉದ್ಯೋಗ

ಅಮೆರಿಕದ ವಿಶ್ವವಿದ್ಯಾಲಯಗಳು ತಮ್ಮದೇ ಕ್ರೀಡಾ ವಿಭಾಗ ನಡೆಸುತ್ತವೆ. ಅಲ್ಲಿ ಆಡುತ್ತಾ ಓದುವ ಎಷ್ಟೋ ಮಕ್ಕಳ ಶುಲ್ಕ, ವಸತಿ, ಊಟದ ವೆಚ್ಚವನ್ನು ವಿದ್ಯಾರ್ಥಿವೇತನ ಭರಿಸುತ್ತದೆ. ಈ ಹಣದ ಒಂದು ಭಾಗ ಹಳೆ ವಿದ್ಯಾರ್ಥಿಗಳ ದಾನ. ಆ ದಾನವನ್ನು ಕೇಳುವವರು, ಲೆಕ್ಕ ಒಪ್ಪಿಸುವವರು, ದಾನಿಯ ಸಂಬಂಧ ಉಳಿಸಿಕೊಳ್ಳುವವರು ಸಂಬಳ ಪಡೆಯುವ ವೃತ್ತಿಪರರು. ನಮ್ಮ ಮಕ್ಕಳು ಈ ಉದ್ಯೋಗದ ಬಗ್ಗೆಯೂ ತಿಳಿದಿರಲಿ.

ಸಣ್ಣ ದಾನದ ಬಲಕ್ಕೆ ಒಂದು ಉದಾಹರಣೆ ನೋಡೋಣ. ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ಕಾಲೇಜಿನ ಫುಟ್‌ಬಾಲ್ ತಂಡ 1931ರಲ್ಲಿ ಸಿಟಾಡೆಲ್ ಕಾಲೇಜಿನ ಎದುರು 6–0ರಿಂದ ಸೋತಿತು. ತಂಡಕ್ಕೆ ಹಣದ ಆಸರೆ ಬೇಕೆಂದು ಕೆಲವರು ಯೋಚಿಸಿದರು. 1934ರಲ್ಲಿ ಹಳೆ ವಿದ್ಯಾರ್ಥಿ ಡಾ. ರೂಪರ್ಟ್ ಫೈಕ್ ಅವರ ಮುಂದಾಳತ್ವದಲ್ಲಿ 'ಐಪ್‌ಟೇ' ಸಂಸ್ಥೆ ಹುಟ್ಟಿತು. 'ಐ ಪೇ ಟೆನ್ ಎ ಇಯರ್', ಅಂದರೆ 'ವರ್ಷಕ್ಕೆ ಹತ್ತು ಡಾಲರ್ ಕೊಡುತ್ತೇನೆ' ಎಂಬುದೇ ಅದರ ಹೆಸರು. ಅದು ಮಹಾ ಆರ್ಥಿಕ ಕುಸಿತದ ಕಾಲ. ಹಣವಿಲ್ಲದವರು ಹಾಲು, ಗೆಣಸು ಕೊಟ್ಟದ್ದೂ ಉಂಟು. ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ.

ಕೆಲಸಕ್ಕೆ ನಾಲ್ಕು ಹಂತಗಳಿವೆ: ಕೊಡಬಲ್ಲವರನ್ನು ಗುರುತಿಸುವುದು, ಪರಿಚಯ ಬೆಳೆಸುವುದು, ಸ್ಪಷ್ಟವಾಗಿ ಕೇಳುವುದು, ಹಣ ಏನಾಯಿತೆಂದು ತಿಳಿಸುವುದು. ಅನುಭವಿಗಳು ಕೊನೆಯ ಹಂತಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ, ಏಕೆಂದರೆ ಮುಂದಿನ ದಾನ ಅಲ್ಲಿಂದಲೇ ಹುಟ್ಟುತ್ತದೆ.

ದಾನಕ್ಕೂ ಮಿತಿ ಇದೆ. ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಕೆಲವು ಬೆಂಬಲಿಗರು ನಿಯಮ ಮೀರಿ ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟರು. ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವಾದ ಎನ್‌ಸಿಎಎ ಆ ತಂಡದ 1987ರ ಇಡೀ ಋತುವನ್ನೇ ರದ್ದು ಮಾಡಿತು. ತಪ್ಪು ಮಾಡದ ಆಟಗಾರರೂ ಅದರ ಫಲ ಉಂಡರು. ದೊಡ್ಡ ದಾನಿಗೂ 'ಇದು ಸಾಧ್ಯವಿಲ್ಲ' ಎಂದು ವಿನಯದಿಂದ ಹೇಳುವ ಧೈರ್ಯ ಈ ವೃತ್ತಿಗೆ ಬೇಕು. ಸಂಗ್ರಹಿಸಿದ ಮೊತ್ತದಲ್ಲಿ ಶೇಕಡಾವಾರು ಕಮಿಷನ್ ಪಡೆಯುವುದನ್ನೂ ಅಲ್ಲಿನ ನಿಧಿ ಸಂಗ್ರಾಹಕರ ನೀತಿಸಂಹಿತೆ ನಿಷೇಧಿಸುತ್ತದೆ.

ಈ ಕ್ಷೇತ್ರಕ್ಕೆ ಬರಲು ಇಂಥದೇ ಪದವಿ ಬೇಕೆಂದಿಲ್ಲ. ವಾಣಿಜ್ಯ, ಪತ್ರಿಕೋದ್ಯಮ, ಸಮಾಜಕಾರ್ಯ ಓದಿದವರೂ ಬರಬಹುದು. ಕ್ರೀಡಾ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಇದ್ದರೆ ಅನುಕೂಲ. ಚೆನ್ನಾಗಿ ಬರೆಯಲು, ತಾಳ್ಮೆಯಿಂದ ಕೇಳಿಸಿಕೊಳ್ಳಲು, ಲೆಕ್ಕ ಓದಲು ಬರಬೇಕು. ಹಲವರು ವಿದ್ಯಾರ್ಥಿಗಳಾಗಿದ್ದಾಗಲೇ ಹಳೆ ವಿದ್ಯಾರ್ಥಿಗಳಿಗೆ ಫೋನ್ ಮಾಡುವ ಕೆಲಸದಿಂದ ಆರಂಭಿಸುತ್ತಾರೆ. ಎಫ್-1 ವೀಸಾದಲ್ಲಿ ಅಲ್ಲಿಗೆ ಹೋದವರು ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ ಕ್ಯಾಂಪಸ್‌ನೊಳಗೆ ದುಡಿಯಬಹುದು. ಕ್ರೀಡೆಗೆ ಸೀಮಿತವಲ್ಲದ ಇಂಥ ಕೆಲಸ ನಮ್ಮಲ್ಲೂ ಇದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಿಧಿ ಸಂಗ್ರಹ ಮತ್ತು ಹಳೆ ವಿದ್ಯಾರ್ಥಿ ವ್ಯವಹಾರಗಳಿಗೆ ಪ್ರತ್ಯೇಕ ಕಚೇರಿಯೇ ಇದೆ.

ವಿದ್ಯಾರ್ಥಿವೇತನ ಪಡೆಯುವ ಮಕ್ಕಳು ಈ ವೃತ್ತಿಯ ಮೊದಲ ಪಾಠವನ್ನು ಈ ವರ್ಷವೇ ಕಲಿಯಬಹುದು. ಫಲಿತಾಂಶ ಬಂದಾಗ ಒಂದು ಪುಟದ ಪತ್ರ ಬರೆಯಿರಿ; ಅಂಕ ಕಡಿಮೆ ಬಂದಿದ್ದರೂ ಬರೆಯಿರಿ. ವಿಳಾಸ ಬದಲಾದರೆ ತಿಳಿಸಿ. ಕೆಲಸ ಸಿಕ್ಕ ಮೇಲೆ ನಿಮ್ಮಿಂದಾದಷ್ಟು, ಆದರೆ ಪ್ರತಿವರ್ಷ, ಕೊಡಿ. ದಾನಿಗಳೂ ತಮ್ಮ ಹಣ ಏನಾಯಿತೆಂದು ಸಂಕೋಚವಿಲ್ಲದೆ ಕೇಳಲಿ. ಕೇಳುವುದು ಅವರ ಹಕ್ಕು, ಉತ್ತರಿಸುವುದು ಪಡೆದವರ ಕರ್ತವ್ಯ.